ಲಾರಿ ನಿಂತರೆ ಘಟ್ಟವನ್ನೇಕೆ ಬೈಯುವುದು?

ಅಣಶಿ ಘಟ್ಟದ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತೆಂದರೆ ಅದು ಮಾಲಕರೊಬ್ಬರ ಸಂಕಟವಲ್ಲ. ಈಚೆ ಕಾರವಾರ ಬಸ್ಸು, ಆಚೆ ದಾಂಡೇಲಿ ಬಸ್ಸು, ಎರಡೂ ಕಾಡಿನ ನಡುವೆ ನಿಲ್ಲಬೇಕು. ಜಿಲ್ಲಾ ಕಚೇರಿಗೆ ಹೊರಟ ಜೊಯಿಡಾದವರ ಒಂದು ದಿನ ಹೋಯಿತು. ಅಂಗಡಿಯವರ ಮಾಲು ದಾರಿಯಲ್ಲೇ ಉಳಿಯಿತು. ಆಗ ಎಲ್ಲರದೂ ಒಂದೇ ಮಾತು: "ಘಟ್ಟ ಸರಿ ಇಲ್ರೀ." 2021ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಆ ಮಾತು ಒಪ್ಪೋಣ. ಹಳೇ ಗಾಡಿಯ ಎಂಜಿನ್ ಒಳಗೇ ಮುರಿದು ನಿಂತರೆ ಗುಡ್ಡವೇನು ಮಾಡೀತು?

ಎಂಜಿನ್ನಿನ ಮುಂಭಾಗದ ಮುಚ್ಚಳದೊಳಗೆ ಟೈಮಿಂಗ್ ವ್ಯವಸ್ಥೆ ಇದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪಿದರೆ ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತವೆ. ಒಂದು ಕಾಲದ ಫಾರ್ಗೋ, ಡಾಜ್ ಲಾರಿಗಳ ಪರ್ಕಿನ್ಸ್ ಪಿ-6 ಎಂಜಿನ್ನಿನಲ್ಲಿ ಈ ಕೆಲಸ ಚೈನಿನದು. ಟಾಟಾ 1210ರಂಥ ಲಾರಿಗಳಲ್ಲಿ ಗೇರಿನದು. ಈಗಲೂ ಕೆಲವು ಪಿಕಪ್ ಗಾಡಿಗಳಲ್ಲಿ ಚೈನೇ ಇದೆ. ಆದ್ದರಿಂದ ಗ್ಯಾರೇಜಿನಲ್ಲಿ "ಟೈಮಿಂಗ್ ಹೋಗೈತಿ" ಅಂದ ಕೂಡಲೆ ತಲೆದೂಗಬೇಡಿ. ಚೈನೋ ಗೇರೋ ಅಂತ ಮೊದಲು ಕೇಳಿ.

ಚೈನು ಉದ್ದವಾಯಿತು ಅನ್ನುತ್ತಾರಲ್ಲ, ಕಬ್ಬಿಣ ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಕೊಂಡಿಯ ಪಿನ್ನೂ ಬುಷ್ಷೂ ಸವೆಯುತ್ತವೆ, ಆ ಸವಕಳಿಯೆಲ್ಲ ಸೇರಿ ಚೈನು ಸಡಿಲವಾಗುತ್ತದೆ. ಆಯಿಲ್ ಬದಲಿಸದೆ ಮಸಿಯಲ್ಲೇ ಓಡಿಸಿದರೆ ಸವೆತ ಬೇಗ. ಪಾಪ, ಚೈನು ಮುಂಚೆಯೇ ಕೂಗಿ ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎದುರು ಕರಕರ ಸದ್ದು, ಹೊಗೆ, ಏರಿನಲ್ಲಿ ಎಳೆತ ಕಮ್ಮಿ. ಡ್ರೈವರ್ ಹೇಳಿಯೂ ಇರುತ್ತಾನೆ: "ಸಾವ್ಕಾರ್ರ, ಸೌಂಡ್ ಬರಾಕತ್ತೈತ್ರಿ." ಉತ್ತರ ನಮಗೆಲ್ಲ ಗೊತ್ತು: "ಇದೊಂದು ಟ್ರಿಪ್ ಮುಗಿಸ್ಕೊಂಡ್ ಬಾ, ನೋಡೋಣು."

ಆ ಒಂದು ಟ್ರಿಪ್ಪಿನಲ್ಲೇ ಚೈನು ಹರಿದರೆ? ಕ್ಯಾಮ್ ನಿಂತಿತು, ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯಿತು. ಚೈನಿನ ದುಡ್ಡು ಉಳಿಸಹೋದವನು ಹೆಡ್ ಬಿಚ್ಚಿಸಬೇಕು. ಅದು ಅವನ ನಷ್ಟ, ಬಿಡಿ. ಅಣಶಿಯಿಂದ ಕದ್ರಾ ಕಡೆಗೆ ಇಳಿಯುವಾಗ ಹಾಗಾದರೆ ಕತೆಯೇ ಬೇರೆ. ಎಂಜಿನ್ ಸತ್ತರೆ ಏರ್ ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ. ಟ್ಯಾಂಕಿನಲ್ಲಿದ್ದ ಗಾಳಿ ಕೆಲವೇ ಸಲ ಒತ್ತುವಷ್ಟು. ಪಿಕಪ್ಪಿನ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿ. ಎದುರಿನ ತಿರುವಿನಲ್ಲಿ ಬಸ್ಸು ಬರುತ್ತಿರುತ್ತದೆ, ಅದರಲ್ಲಿ ನಾವೂ ನೀವೂ ಇರುತ್ತೇವೆ.

"ಗಾಡಿ ಪಾಸಿಂಗ್ ಆಗೈತಲ್ರೀ" ಎಂಬ ವಾದವೊಂದಿದೆ. ಎಂಟು ವರ್ಷ ದಾಟಿದ ಲಾರಿ ಪ್ರತಿವರ್ಷ ಪಾಸಿಂಗ್ ಆಗಬೇಕು, ಸರಿ. ಅಲ್ಲಿ ಬ್ರೇಕು, ದೀಪ, ಹೊಗೆ ನೋಡುತ್ತಾರೆ. ಟೈಮಿಂಗ್ ಮುಚ್ಚಳ ಬಿಚ್ಚುವುದಿಲ್ಲ. ಬಿಚ್ಚಿ ನೋಡುವ ಹೊಣೆ ಮಾಲಕರದೇ. ಮಾಲು ಹೇರಿಸುವ ವ್ಯಾಪಾರಸ್ಥರೂ ಬಾಡಿಗೆ ಚೌಕಾಸಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಲಿ: ಈ ಗಾಡಿಯ ಚೈನು ಕಡೆಯ ಸಲ ಬದಲಿಸಿದ್ದು ಯಾವಾಗ? ಜೂನ್ ಮಳೆ ಹಿಡಿಯುವ ಮೊದಲು ಕೇಳಿದರೆ ಒಳ್ಳೆಯದು.