ಹಂಚಿಲ್ಲದ ಒಲೆ

ದೀಪಾವಳಿ ರಜೆಗೆ ಗದಗದಿಂದ ವಾಕಡದ ನಮ್ಮ ಮನೆಗೆ ಬಂದ ಅಕ್ಕನ ಮಗ ಹೊಸ ಲ್ಯಾಪ್‌ಟಾಪ್ ತೆರೆದು ಕೇಳಿದ: "ಮಾಮಾ, ಇನ್ನೂರಕ್ಕ ಇನ್ನೂರು ಗುಣಿಸಿದ್ರ ಮೈನಸ್ ಯಾಕ ಬರ್ತೈತಿ?"

ಪರದೆಯ ಮೇಲೆ -25536. ನೀಲಿ ಕಿಟಕಿ, ಹಳದಿ ಅಕ್ಷರ. ನಾನು ಕಾಲೇಜಿನಲ್ಲಿ ಕಲಿತ ಅದೇ ಟರ್ಬೊ ಸಿ, ಈಗ ಡಾಸ್‌ಬಾಕ್ಸ್ ಎಂಬ ಗೂಡಿನಲ್ಲಿ ಕೂತಿದೆ. ಅದರಲ್ಲಿ ಇಂಟ್‌ಗೆ ಎರಡೇ ಬೈಟ್; 32767 ದಾಟಿದರೆ ಲೆಕ್ಕ ತಲೆಕೆಳಗು. ಯಾರೋ ಸೀನಿಯರ್ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದನಂತೆ.

ಹುಡುಗರನ್ನು ಬೈಯುವುದು ಸುಲಭ. ನನ್ನ ಸಿಟ್ಟು ಮಾತ್ರ ಒಲೆ ಮಾರಿ ಹಂಚು ಕೊಡದವರ ಮೇಲೆ. ಅಷ್ಟು ದುಡ್ಡು ಕೊಟ್ಟು ಕೊಂಡ ವಿಂಡೋಸ್ ಯಂತ್ರದಲ್ಲಿ ಆಟ, ಜಾಹೀರಾತು ಎಲ್ಲ ಇವೆ, ಸಿ ಕಂಪೈಲರ್ ಇಲ್ಲ. ಹೀಗೆ ಖಾಲಿ ಬಿಟ್ಟ ಜಾಗದಲ್ಲಿ ಪೆನ್‌ಡ್ರೈವ್ ಬಂದು ಕೂತಿತು.

ಈ ಚಾಳಿ ಹಳೆಯದು. ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳಲ್ಲಿ ಸನ್‌ಓಎಸ್ ಜೊತೆ ಸಿ ಕಂಪೈಲರ್ ಬರುತ್ತಿತ್ತು. 1992ರಲ್ಲಿ ಸೊಲಾರಿಸ್ 2 ಬಂದಾಗ ಅದನ್ನು ಕಿತ್ತು ಬೇರೆ ಬೆಲೆಗೆ ಮಾರಿದರು. ಸಿಸಿ ಎಂದು ಒತ್ತಿದರೆ, ಆ ಐಚ್ಛಿಕ ಪ್ಯಾಕೇಜ್ ಹಾಕಿಲ್ಲ ಎಂಬ ಒಣ ಉತ್ತರ. ಜನ ಸ್ಟಾಲ್ಮನ್ 1987ರಲ್ಲಿ ಪುಕ್ಕಟೆ ಬಿಟ್ಟ ಜಿಸಿಸಿ ಕಡೆ ತಿರುಗಿದರು. ಅಲ್ಲೂ ಒಂದು ತಮಾಷೆ: ಜಿಸಿಸಿ ಬರುತ್ತಿದ್ದುದು ಮೂಲ ಸಂಕೇತವಾಗಿ, ಅದನ್ನು ಕಂಪೈಲ್ ಮಾಡಲು ಮೊದಲೊಂದು ಕಂಪೈಲರ್ ಬೇಕು! ಇದ್ದವರ ಹತ್ತಿರ ಹೋಗಿ ಕೈಯೊಡ್ಡಬೇಕು. ಆಗಲೂ ಒಂದು ಬಗೆಯ ಪೆನ್‌ಡ್ರೈವ್ ಕಥೆಯೇ.

ಹಿಂಜವಡಿಯ ಗೆಳೆಯರು ನಗುತ್ತಾರೆ: "ಎಲ್ಲಾ ಪುಕ್ಕಟೆ ಸಿಗುತ್ತೆ, ಇಳಿಸಿಕೊಂಡರಾಯ್ತು." ನಿಜ, ಅದರ ಹೆಸರು ಗೊತ್ತಿದ್ದವನಿಗೆ. ಮೊದಲ ಸೆಮಿಸ್ಟರಿನ ಹುಡುಗನಿಗೆ ಏನನ್ನು ಹುಡುಕಬೇಕೆಂಬುದೇ ತಿಳಿಯದು. ಭದ್ರತೆಯ ಮಾತೂ ಬರುತ್ತದೆ. ಸರ್ವರ್‌ನಲ್ಲಿ ಕಂಪೈಲರ್ ಬೇಡ, ಒಪ್ಪಿದೆ. ಇವನ ಲ್ಯಾಪ್‌ಟಾಪ್ ಬ್ಯಾಂಕಿನ ಸರ್ವರೇ?

ನಾನು ಕೇಳುವುದು ದೊಡ್ಡದೇನಲ್ಲ. ಮ್ಯಾಕ್‌ನಲ್ಲಿ ಸಿಸಿ ಎಂದು ಒತ್ತಿದರೆ, ಸಾಧನಗಳನ್ನು ಹಾಕಿಕೊಳ್ಳಲೇ ಎಂದಾದರೂ ಕೇಳುತ್ತದೆ. ಉಬುಂಟು ಯಾವ ಪ್ಯಾಕೇಜ್ ಎಂದು ಹೇಳಿಕೊಡುತ್ತದೆ. ವಿಂಡೋಸ್ ಕೂಡ 2019ರಿಂದ ಪೈಥಾನ್ ಎಂದರೆ ಅಂಗಡಿಯ ಬಾಗಿಲು ತೆರೆಯುತ್ತದೆ. ಜಿಸಿಸಿ ಎಂದರೆ ಮಾತ್ರ ಅಂಥ ಆಜ್ಞೆಯೇ ಗೊತ್ತಿಲ್ಲ ಅನ್ನುತ್ತದೆ. ಪೈಥಾನ್‌ಗೆ ಮಾಡಿದ್ದನ್ನು ಸಿ ಭಾಷೆಗೆ ಮಾಡಲು ಏನು ಧಾಡಿ? 1991ರ ಡಾಸ್ 5ರ ಜೊತೆ ಕ್ಯೂಬೇಸಿಕ್ ಕೊಟ್ಟವರೂ ಇವರೇ ಅಲ್ಲವೇ?

ರಾತ್ರಿ ಕೂತು ಜಿಸಿಸಿ ಹಾಕಿಕೊಟ್ಟೆ. 40000 ಬಂತು. ಹುಡುಗ ಖುಷಿಯಾಗಲಿಲ್ಲ, ನೋಟ್‌ಬುಕ್ ತಿರುವಿದ.

"ಹಂಗಾರ ಪರೀಕ್ಷಾದಾಗ ಇಂಟ್‌ಗೆ ಎಷ್ಟು ಬೈಟ್ ಅಂತ ಬರೀಲಿ ಮಾಮಾ? ಸರ್ ಎರಡು ಅಂತ ಬರೆಸ್ಯಾರ."