ಮನೆ ಉಳಿಸಿದ್ದು ಯಾರು?

ಕೊಲೆಗಾರ ಯಾರು ಅಂತ ಇಂಟರ್‌ವೆಲ್ಲಿಗೆ ಮುಂಚೇನೇ ಹೇಳಿಬಿಡುವ ಜಾಣರು ನಮ್ಮ ಓದುಗ ಮಿತ್ರರು! ‘ರಂಗಿತರಂಗ’ (2015) ಚಿತ್ರದಲ್ಲಿ ಅನಶ್ಕು ಎಂಬ ಹೆಸರಿನ ಹಿಂದೆ ಅಡಗಿದ ಕಾದಂಬರಿಕಾರ ಯಾರೆಂದು ತಲೆ ಕೆರೆದುಕೊಂಡವರು. ಅಂಥವರೇ ಇಬ್ಬರು ಮೊನ್ನೆ ಸಾಗರ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟ್ಲಲ್ಲಿ ‘ದ್ವೀಪ’ದ ವಿಷಯಕ್ಕೆ ಜಗಳ ತೆಗೆದಿದ್ದರು.

“ಕ್ಲೈಮ್ಯಾಕ್ಸೇ ಇಲ್ಲ ಮಾರಾಯ! ನೀರು ಬಂತು, ನೀರು ಹೋಯ್ತು. ಇದೆಂತ ಪಿಕ್ಚರು?”

ನಮ್ಮ ಕಡೆಯದೇ ಪಿಕ್ಚರು ಸ್ವಾಮಿ! ಕಾದಂಬರಿ ಬರೆದವರು ಸಾಗರದ ನಾ. ಡಿಸೋಜ. ನಿರ್ದೇಶಕ ಗಿರೀಶ್ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಇನ್ನು ನೀರೋ, 1964ರ ಲಿಂಗನಮಕ್ಕಿ ಅಣೆಕಟ್ಟೆ ಸಾಗರ, ಹೊಸನಗರದ ಎಷ್ಟೋ ಊರುಗಳನ್ನು ನುಂಗಿದ ನೆನಪಿನದು. ಸೌಂದರ್ಯ ತಾನೇ ನಿರ್ಮಿಸಿ ನಾಗಿಯಾಗಿ ನಟಿಸಿದ ಈ ಚಿತ್ರಕ್ಕೆ 2001ರ ಸಾಲಿನ ಸ್ವರ್ಣಕಮಲ ಬಂತು.

ಈಗ ಕೊನೆಗೆ ಬರೋಣ. ಮಳೆ ಬಿಡುವುದಿಲ್ಲ, ನೀರು ಏರುತ್ತಿದೆ. ಗಂಡ ಗಣಪ ಕೈಚೆಲ್ಲಿ ಕೂತಿದ್ದಾನೆ. ನಾಗಿ ಒಬ್ಬಳೇ ಹೆಣಗಿ ಮನೆ ಕಾಯುತ್ತಾಳೆ. ನೀರು ಇಳಿದ ಮೇಲೆ ಗಣಪ ಹೇಳುವುದೇನು? ಎಲ್ಲ ದೇವರ ದಯೆ!

ನನಗನಿಸುವುದು, ‘ದ್ವೀಪ’ವೂ ಒಂದು ಪತ್ತೇದಾರಿ ಚಿತ್ರವೇ. ಮನೆ ಉಳಿಸಿದ್ದು ಯಾರು ಅನ್ನೋದೇ ಪ್ರಶ್ನೆ. ಸಾಕ್ಷಿ ನಾವೇ, ನಾಗಿಯ ಪಾಡು ನೋಡಿದ್ದೇವೆ. ಆದರೂ ತೀರ್ಪು ಬೇರೆಯವರ ಹೆಸರಿಗೆ ಹೋಗುತ್ತದೆ. ಹಾಗಂತ ಗಣಪ ವಿಲನ್ ಅಲ್ಲ. ಅಪ್ಪ ಹೋದ, ಊರು ಹೋಯಿತು, ಪೂಜೆಗೆ ಬರುವ ಜನ ಹೋದರು. ದೇವರೊಬ್ಬ ಉಳಿದಿದ್ದಾನೆ. ಅವನೂ ಕಾಪಾಡಲಿಲ್ಲ ಅಂದರೆ ಗಣಪ ಯಾರು? ಅದಕ್ಕೇ ಹಾಗೆ ಅನ್ನುತ್ತಾನೆ. ಆ ಮಾತಿಗೆ ನಾಗಿಯ ಸುತ್ತ ನೀರು ತುಂಬುತ್ತದೆ. ದ್ವೀಪ ಅಂದರೆ ಅವಳೇ!

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಇದು ಮೊದಲ ಸಲವೇ ಹೊಳೆಯಲಿಲ್ಲ ಅನ್ನಿ. ಮುಳುಗಡೆಯಾಗಿ ಬಂದ ಮೇಲೆ ನಮ್ಮಜ್ಜಿ ಕಂಡವರ ತೋಟದಲ್ಲಿ ಅಡಿಕೆ ಸುಲಿದು ನಾಲ್ಕು ಮಕ್ಕಳನ್ನು ಸಾಕಿದಳು. ಅಜ್ಜ ಮಾತ್ರ ಬಂದವರಿಗೆಲ್ಲ, “ಎಲ್ಲ ಭೂತಪ್ಪನ ದಯೆ” ಅನ್ನುತ್ತಿದ್ದ. ಟೀವಿಯಲ್ಲಿ ‘ದ್ವೀಪ’ ಮುಗಿದಾಗ ಅಜ್ಜಿ, “ಇವ್ನೂ ಹಂಗೇ ಹೇಳ್ದ ಅಲ್ದನಾ?” ಅಂದು ದನಕ್ಕೆ ಹುಲ್ಲು ಹಾಕಲು ಎದ್ದು ಹೋದಳು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಲಿಲ್ಲ.

ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಸೌಂದರ್ಯ 2004ರಲ್ಲೇ ಹೋದರು. ಪ್ರಶ್ನೆ ಇನ್ನೂ ಇದೆ. ಈ ಸಲ ನೋಡುವಾಗ ಪಕ್ಕದಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಅವರು ಏನಂದರು ಅಂತ ನಮಗೊಂದು ಕಾರ್ಡು ಹಾಕಿ!