ಐಸನ್ನು ದುರ್ಬಲ ಮಾಡೋದೂ ಇಂಜಿನಿಯರಿಂಗೇ

ನಮ್ಮೂರು ಮುಂಡಗೋಡ ತಾಲೂಕಿನ ಮಳಗಿ. ಅಲ್ಲಿನ ಧರ್ಮಾ ಡ್ಯಾಮಿನ ನೀರು ಯಾವ ಚಳಿಗೂ ಹೆಪ್ಪುಗಟ್ಟಲ್ಲ. ಅಂಥ ಊರಿನವನು "ಮಿನಿ ಪ್ರಾಜೆಕ್ಟಿಗೆ ನಕಲಿ ಐಸ್ ಮಾಡೋಣ" ಅಂದ್ರೆ ನೀವು ನಗಬಹುದು. ನಗಿ, ಆದ್ರೆ ಪೂರ್ತಿ ಓದಿ.

ಡ್ಯಾಮಿನ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ನೋಡೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೆಆರ್‌ಎಸ್‌ನಲ್ಲಿರುವ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಕೆಲಸವೇ ಅದು. ಅಲ್ಲಿ ಮಾಮೂಲಿ ನೀರೇ ಸಾಕು. ಆದರೆ ಹಡಗಿಗೆ ಹಿಮಗಡ್ಡೆ ಗುದ್ದುವ ಪರೀಕ್ಷೆಗೆ ಮಾಮೂಲಿ ಐಸ್ ನಡೆಯಲ್ಲ. ಫ್ರೌಡ್ ನಿಯಮದ ಪ್ರಕಾರ ಮಾದರಿ 25 ಪಟ್ಟು ಚಿಕ್ಕದಾದರೆ ವೇಗ 5 ಪಟ್ಟು, ಬಲ 15,625 ಪಟ್ಟು ಕಡಿಮೆಯಾಗಬೇಕು. ಐಸಿನ ಸ್ಟ್ರೆಂತ್ ಕೂಡ 25 ಪಟ್ಟು ಇಳಿಯಬೇಕು. ಫ್ರಿಜ್ಜಿನ ಐಸ್ ಹಾಕಿದರೆ ಆ ಪುಟ್ಟ ಹಡಗಿಗೆ ಅದು ಕಲ್ಲುಬಂಡೆ; ಬರುವ ರೀಡಿಂಗ್ ಎಲ್ಲ ಸುಳ್ಳು.

ಅದಕ್ಕೇ ಕೆನಡಾದವರು ನಮ್ಮ ರೈತರು ಗದ್ದೆಗೆ ಹಾಕುವ ಯೂರಿಯಾವನ್ನೇ ನೀರಿಗೆ ಬೆರೆಸಿ ಐಸನ್ನು ದುರ್ಬಲ ಮಾಡಿದರು. 1986ರ ಹೊತ್ತಿಗೆ ಗ್ಲೈಕಾಲ್, ಡಿಟರ್ಜೆಂಟ್, ಸಕ್ಕರೆ ಸೇರಿಸಿದ ಐಸೂ ಬಂತು. ಇವಕ್ಕೆಲ್ಲ ಕೋಲ್ಡ್ ರೂಮ್ ಬೇಕು. ಮೇಣದಿಂದ ಮಾಡಿದ ಐಸಿಗೆ ಬೇಡ, ಆದರೆ ಅದು ಹಡಗಿನ ಮೈಗೆ ಜಾಸ್ತಿ ಉಜ್ಜುತ್ತೆ. ಇನ್ನೊಂದು ಕಷ್ಟ: ತೀರಾ ಮೆತ್ತಗೆ ಮಾಡಿದರೆ ಪುಡಿಯಾಗಬೇಕಾದ ಐಸ್ ಮುದ್ದೆಯಾಗುತ್ತೆ.

"ನಮಗ್ಯಾಕೆ ಇದೆಲ್ಲ?" ಅನ್ನಬೇಡಿ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರಿನಲ್ಲಿ ಹೊರಟಿದ್ದು ನಮ್ಮ ಪಕ್ಕದ ಗೋವಾದಿಂದ. ಈಗ ಅಲ್ಲಿ ಮೈತ್ರಿ, ಭಾರತಿ ಕೇಂದ್ರಗಳಿವೆ. ಆದರೂ ನಮ್ಮವರು ಹೋಗ್ತಾ ಬಂದಿರೋದು ಬಾಡಿಗೆ ಹಡಗಿನಲ್ಲೇ. ನಮ್ಮದೇ ಹಡಗು ಕಟ್ಟಬೇಕಾದರೆ ಐಸಿನ ಪೆಟ್ಟನ್ನು ಲೆಕ್ಕ ಹಾಕುವವರೂ ನಮ್ಮಲ್ಲೇ ಬೇಕಲ್ವಾ?

ಲ್ಯಾಬಿನಲ್ಲಿ ನಾವು ಕಲಿತಿರೋದು ಒಂದೇ: ಜಾಸ್ತಿ ಲೋಡ್ ತಡೆದರೆ ಪಾಸ್. ಇಲ್ಲಿ ಹಾಗಲ್ಲ. ನಿಜವಾದ ಸಮುದ್ರದ ಐಸ್ ಬಾಗಿಸಿದಾಗ 500 ಕಿಲೋಪಾಸ್ಕಲ್‌ಗೆ ಮುರಿಯುತ್ತೆ ಅಂದ್ಕೊಳ್ಳಿ, ನಮ್ಮದು 20ಕ್ಕೇ ಮುರಿಯಬೇಕು. ಜಾಸ್ತಿಯಾದರೂ ಫೇಲ್, ಕಡಿಮೆಯಾದರೂ ಫೇಲ್. ಬೇಕಾದಷ್ಟೇ ದುರ್ಬಲವಾದ ವಸ್ತು ಮಾಡೋಕೆ ಅದರ ಗುಣ ಪೂರ್ತಿ ಗೊತ್ತಿರಬೇಕು. ಪೇಟೆಯಿಂದ ರೆಡಿಮೇಡ್ ಕಿಟ್ ತಂದು ಜೋಡಿಸಿದರೆ ಈ ಬುದ್ಧಿ ಬರಲ್ಲ.

ಖರ್ಚೂ ಹೆಚ್ಚಿಲ್ಲ. ಮೇಣ, ಪ್ಲಾಸ್ಟರ್ ಬೆರೆಸಿ 3 ಸೆಂಟಿಮೀಟರ್ ದಪ್ಪ, ಅಷ್ಟೇ ಅಗಲದ ಪಟ್ಟಿ ಎರಕ ಹೊಯ್ಯಿರಿ. 15 ಸೆಂಟಿಮೀಟರ್ ಅಂತರದ ಎರಡು ಆಸರೆ ಮೇಲಿಟ್ಟು, ನಡುವೆ ಡಬ್ಬಿ ಕಟ್ಟಿ ಮರಳು ಸುರಿಯಿರಿ. ಪಟ್ಟಿಯ ಸ್ವಂತ ತೂಕದ ಪರಿಣಾಮವೂ ಸೇರಿ ಸುಮಾರು 245 ಗ್ರಾಮಿಗೆ ಮುರಿದರೆ ಗೆದ್ದಂತೆ. ಬಾಗಿಸುವ ಪರೀಕ್ಷೆ ಪಾಸಾದ ಮೇಲೆ ಗುದ್ದಿಸುವ ಪರೀಕ್ಷೆ.

ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್ ಮೂರೂ ಬ್ರಾಂಚಿನವರು ಬೇಕು. ಯಾರ್ಯಾರು ಬರ್ತೀರಾ?